ಸಾಯುವವನ ಕನ್ನಡ

ಸೂರಜ್ ಹೊಗಳುತ್ತಾ ಹೋಗಿ ಒಂದು ಕಡೆ ತಡೆದು ನಗುತ್ತಾನೆ. ಆ ನಗು ಶುರುವಾಗುವ ಸ್ವಲ್ಪ ಮೊದಲೇ ಹರಿಪ್ರಸಾದ ವಿಡಿಯೊ ನಿಲ್ಲಿಸಿ ಮತ್ತೆ ಹಿಂದಕ್ಕೆ ಎಳೆದ. ಬೆಳಗ್ಗಿನಿಂದ ಇದೇ ಕೆಲಸ. ಹೊಗಳಿಕೆ ಮಾತ್ರ ಕಿವಿಗೆ ಬೀಳಬೇಕು, ನಗು ಬೀಳಬಾರದು ಎಂದು ಹಟ ಹಿಡಿದು ಕೂತಿದ್ದ. ಕಂಪ್ಯೂಟರ್ ಆಟಗಳ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಬೆಂಗಳೂರಿನ ಈ ಸೂರಜ್ ಒಂದು ಆಟ ಚೆನ್ನಾಗಿದೆ ಎಂದರೆ ಬಾಕಿಯವರೂ ಚೆನ್ನಾಗಿದೆ ಎನ್ನುತ್ತಾರೆ, ಅವನು ಮೂಗು ಮುರಿದರೆ ಎಲ್ಲರ ಮೂಗೂ ಮುರಿಯುತ್ತದೆ. ‘ಎಲ್ಲೆ’ ಎಂಬ ಈ ಯುದ್ಧದ ಆಟಕ್ಕೆ ಅವನು ಹತ್ತಕ್ಕೆ ಒಂಬತ್ತು ಕೊಟ್ಟಿದ್ದ. ದೂರಕ್ಕೆ ಹೊಡೆದ ಗುಂಡು ಗಾಳಿಗೆ ವಾಲುತ್ತದೆ, ಚಳಿಗೆ ವೈರ್‌ಲೆಸ್ಸಿನ ಬ್ಯಾಟರಿ ಕೈಕೊಡುತ್ತದೆ, ಹಿಮದಲ್ಲಿ ಓಡಿ ಬಂದವನಿಗೆ ಏದುಸಿರು ಇಳಿಯುವ ತನಕ ಗುರಿ ನಿಲ್ಲುವುದಿಲ್ಲ, ಗುಂಡು ತಾಗಿದವನು ಎದ್ದು ಬರುವುದಿಲ್ಲ. ಇದು ಆಟ ಅಲ್ಲ, ಯುದ್ಧಾನೇ ತಂದು ನಿಮ್ಮ ಮನೇಲಿ ಇಟ್ಟಿದಾರೆ ಎಂದಿದ್ದ ಸೂರಜ್. ಹಾಗೆಂದು ಕುರ್ಚಿಗೆ ಒರಗಿ, ‘ಆದ್ರೆ ದಯವಿಟ್ಟು ಕನ್ನಡ ವಾಯ್ಸ್ ಹಾಕ್ಕೊಂಡು ಮಾತ್ರ ಆಡ್ಬೇಡಿ’ ಎಂದಿದ್ದ. ಆ ಕನ್ನಡದ ಧ್ವನಿಗಳನ್ನು ಹರಿಪ್ರಸಾದನೇ ಈ ಕೋಣೆಯಲ್ಲಿ ಮಾಡಿದ್ದು. ಸುಳ್ಯದ ಪೇಟೆಯಲ್ಲಿ ಪೋಕರ್ ಕಾಕನ ಫ್ಯಾನ್ಸಿ ಅಂಗಡಿಯ ಮೇಲೆ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಬಾಗಿಲಿಗೆ ಹಳೆಯ ಹಾಸಿಗೆ ಕಟ್ಟಿ ಮಾಡಿದ ರೆಕಾರ್ಡಿಂಗ್ ಕೋಣೆ ಅದು. ಕಡಬದಿಂದ ಪಂಜದವರೆಗೆ ಜೀಪಿನಲ್ಲಿ ಕೂಗುತ್ತಾ ಹೋಗುವ ಕ್ರೀಡಾಕೂಟದ ಪ್ರಚಾರ, ಬಟ್ಟೆ ಅಂಗಡಿಯ ಜಾಹೀರಾತು, ಸತ್ತವರ ಶ್ರದ್ಧಾಂಜಲಿ, ಎಲ್ಲ ಅಲ್ಲಿಂದಲೇ ಹೊರಡುತ್ತಿತ್ತು. ಅಂಥ ಕೋಣೆಗೆ ದೊಡ್ಡ ಕಂಪೆನಿಯ ಕೆಲಸ ಬಂದಿತ್ತು. ಮೂಲೆಯವನಿಗೆ ಬಂದ ಭಾಗ್ಯ ಎಂದು ಎಷ್ಟು ಜನರ ಹತ್ತಿರ ಹೇಳಿಕೊಂಡು ತಿರುಗಿದ್ದ! ಈಗ ಅವರೆಲ್ಲರ ಮುಖ ನೋಡಬೇಕು.

ಕೈ ತಡೆಯಲಿಲ್ಲ, ವಿಡಿಯೊ ಮುಂದಕ್ಕೆ ಹೋಯಿತು. ಆಟದಲ್ಲಿ ಒಂದು ಬೆಟ್ಟ ಹತ್ತುವಾಗ ಜೊತೆಯ ಸೈನಿಕನೊಬ್ಬ ಗುಂಡು ತಾಗಿ ಬೀಳುತ್ತಾನೆ. ಆಡುವವನು ಹತ್ತಿರ ಹೋದರೆ ಕಣ್ಣು ತೆರೆದು, ‘ಚೂರು ನೀರು ಉಂಟಾ ಮಾರಾಯ?’ ಎನ್ನುತ್ತಾನೆ. ಸೂರಜ್ ಅದನ್ನು ಮೂರು ಸಲ ಹಾಕಿ ತೋರಿಸಿದ್ದ. ನಾಲ್ಕನೆಯ ಸಲ ತಾನೇ ಎದೆ ಹಿಡಿದುಕೊಂಡು, ಮೂಗಿನಲ್ಲಿ ರಾಗ ಎಳೆದು ಹೇಳಿದ್ದ. ‘ಅಲ್ಲ ಗುರು, ಇವ್ನು ಸಾಯ್ತಾ ಇದಾನೋ, ಇಲ್ಲ ಮಂಗಳೂರು ಹೋಟ್ಲಲ್ಲಿ ಬನ್ಸ್ ತಿಂದು ನೀರ್ ಕೇಳ್ತಾ ಇದಾನೋ? ಇಡೀ ಆಟದಲ್ಲಿ ಸುಳ್ಳು ಅನ್ಸೋದು ಇದೊಂದೇ. ಸಾಯೋ ಸೈನಿಕ ಯಾವತ್ತೂ ಹಿಂಗೆ ಮಾತಾಡಲ್ಲ.’ ಅಷ್ಟು ಸಾಕಾಯಿತು, ಆ ತುಣುಕು ಫೋನಿನಿಂದ ಫೋನಿಗೆ ಹಾರಿತು. ಬೋಲ್ಡ್ ಆದ ಬ್ಯಾಟ್ಸ್‌ಮನ್ನನ ಚಿತ್ರದ ಕೆಳಗೆ ಅದೇ ಮಾತು, ಟಿಕೆಟ್ ಸಿಗದ ರಾಜಕಾರಣಿಯ ಕೆಳಗೆ ಅದೇ ಮಾತು, ಪರೀಕ್ಷೆಯ ಹಾಲ್‌ನಿಂದ ಹೊರಗೆ ಬರುವ ಹುಡುಗಿಯರ ಬಾಯಲ್ಲೂ ಅದೇ. ಘಟ್ಟದ ಮೇಲಿನವರಿಗೆ ನಮ್ಮ ಭಾಷೆ ಕೇಳಿದರೆ ಸಾಕು, ನಗುವುದಕ್ಕೆ ಅಪ್ಪಣೆ ಸಿಕ್ಕಿದ ಹಾಗೆ. ಸಿನಿಮಾದಲ್ಲಿ ಅಡುಗೆ ಭಟ್ಟನಿಗೂ ಜಿಪುಣನಿಗೂ ಇದೇ ಕನ್ನಡ ಕೊಡುತ್ತಾರೆ, ಸಾಯುವುದಕ್ಕೆ ಮಾತ್ರ ಇದು ಯೋಗ್ಯವಲ್ಲ ಎಂದು ಹರಿಪ್ರಸಾದ ಉರಿದುಹೋದ. ಹಾಗೆ ಉರಿಯುವ ಹಕ್ಕು ತನಗೆ ಇಲ್ಲವೆಂದೂ ಅವನಿಗೆ ಗೊತ್ತಿತ್ತು. ಆ ತುಣುಕನ್ನು ಮೊದಲು ಸ್ಟೇಟಸ್ಸಿಗೆ ಹಾಕಿಕೊಂಡವರಲ್ಲಿ ಅವನೂ ಒಬ್ಬ. ಜನ ನಕ್ಕರೂ ನೋಡುತ್ತಾರಲ್ಲ, ಹೆಸರು ನಾಲ್ಕು ಜನರಿಗೆ ಗೊತ್ತಾಗುತ್ತದಲ್ಲ ಎಂಬ ಆಸೆ.

ಸೋಡಾ ಕುಡಿಯಲೆಂದು ಕೆಳಗೆ ಇಳಿದರೆ ಪೋಕರ್ ಕಾಕ ಬಳೆಯ ಪೆಟ್ಟಿಗೆ ಜೋಡಿಸುತ್ತಿದ್ದವರು ತಲೆಯೆತ್ತಿ, ‘ಚೂರು ನೀರು ಉಂಟಾ ಮಾರಾಯ?’ ಎಂದರು. ಅಂಗಡಿಯಲ್ಲಿದ್ದ ಗಿರಾಕಿಗಳಿಬ್ಬರು ಬಾಯಿಗೆ ಸೆರಗು ಅಡ್ಡ ಹಿಡಿದರು. ಹರಿಪ್ರಸಾದನೂ ನಕ್ಕ. ‘ಎಂತ ಕಾಕ, ನೀವು ಕೂಡ?’

‘ನಮ್ಮ ಮಗಳು ರಸೀನಾ ಫೋನಲ್ಲಿ ತೋರ್ಸಿದ್ಲು. ನಗದೆ ಎಂತ ಮಾಡುದು ಮಾರಾಯ? ಅದಿರ್ಲಿ, ಆಟಕ್ಕೆ ಎಲ್ಲೆ ಅಂತ ಯಾರು ಹೆಸರು ಇಟ್ಟದ್ದು? ತುಳುವಲ್ಲಿ ಎಲ್ಲೆ ಅಂದ್ರೆ ನಾಳೆ. ನಾಳೆ ಬಾ ಅಂತ ಹೇಳುವ ಯುದ್ಧವಾ?’

ಗಿರಾಕಿಗಳು ಮತ್ತೆ ನಕ್ಕರು. ಕಾಕನಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ, ಅದೇ ಕಷ್ಟ. ಬೈಯುವವನಿಗಾದರೆ ತಿರುಗಿ ಬೈಯಬಹುದಿತ್ತು. ಅಷ್ಟರಲ್ಲಿ ಕಂಪೆನಿಯ ದೀಕ್ಷಿತಾಳ ಫೋನು ಬಂತು. ಕನ್ನಡದ ಕೆಲಸವೆಲ್ಲ ನೋಡಿಕೊಳ್ಳುವವಳು ಅವಳು. ಸಕ್ಕರೆ ಬೆರೆಸಿ ಮಾತಾಡುತ್ತಾಳೆ, ಆದರೆ ಹೇಳುವುದನ್ನು ಹೇಳದೆ ಬಿಡುವುದಿಲ್ಲ.

‘ಸರ್, ನೀವೇನೂ ಬೇಜಾರ್ ಮಾಡ್ಕೋಬೇಡಿ. ಆ ಒಂದು ಲೈನ್ ಚೇಂಜ್ ಮಾಡ್ಬಿಡೋಣ. ನಾನೇ ಬರ್ದಿದೀನಿ. “ನನ್ನ ಚಿಂತೆ ಬಿಡಿ, ಮುಂದೆ ನುಗ್ಗಿ!” ಅಷ್ಟೇ. ಆ ಕ್ಯಾರೆಕ್ಟರ್ ಮಾತೆಲ್ಲ ಅದೇ ವಾಯ್ಸಲ್ಲಿ ಇರೋದ್ರಿಂದ ಅವರೇ ಹೇಳ್ಬೇಕು. ಸಂಜೆ ಒಳಗೆ ಕಳ್ಸಿ ಸರ್. ಇದು ಕ್ಲಿಕ್ ಆದ್ರೆ ಆಟದ ಎರಡನೇ ಭಾಗ ಪೂರ್ತಿ ನಿಮ್ಗೇ. ಇಲ್ಲಾಂದ್ರೆ ಇಲ್ಲೇ ಬೆಂಗಳೂರಿನ ಸ್ಟುಡಿಯೋಗೆ ಕೊಡಿ ಅಂತ ಮೇಲಿನವರು ಹೇಳ್ತಾ ಇದಾರೆ.’

ಆಗಲಿ ಮೇಡಂ ಎಂದ. ಅದೇ ವಾಯ್ಸ್ ಎಂದರೆ ಮಂಡೆಕೋಲಿನ ಪದ್ಮಯ್ಯ. ಮಿಲಿಟರಿಯಿಂದ ನಿವೃತ್ತನಾಗಿ ಬಂದು ರಬ್ಬರ್ ಟ್ಯಾಪಿಂಗ್ ಮಾಡಿಕೊಂಡಿರುವವನು, ಹರಿಪ್ರಸಾದನ ಅಣ್ಣ ಜಯಪ್ರಕಾಶನ ಜೊತೆ ಒಂದೇ ದಿನ ಸೈನ್ಯಕ್ಕೆ ಸೇರಿದವನು, ಒಂದೇ ತುಕಡಿಯಲ್ಲಿ ಇದ್ದವನು. ಜಯಪ್ರಕಾಶ ಉತ್ತರದ ಯಾವುದೋ ಬೆಟ್ಟದಲ್ಲಿ ಸತ್ತಾಗ ಪಕ್ಕದಲ್ಲಿ ಇದ್ದವನೂ ಅವನೇ. ಹರಿಪ್ರಸಾದ ಆಗ ಹೈಸ್ಕೂಲು. ಐವರ್ನಾಡಿನ ಅವರ ಅಂಗಳದಲ್ಲಿ ಪೆಟ್ಟಿಗೆ ಇಳಿಸಿ ಭಾಷಣ ಮಾಡುವವರೆಲ್ಲ ಮಾಡಿ ಮುಗಿಸಿದ ಮೇಲೆ, ರಜೆ ಹಾಕಿ ಬಂದ ಪದ್ಮಯ್ಯ ಅಮ್ಮನ ಎದುರು ಕೂತು, ‘ಗುಂಡು ತಾಗಿದ್ದೇ ಹೋದ ಅಮ್ಮ. ಅವನಿಗೆ ಗೊತ್ತೇ ಆಗ್ಲಿಲ್ಲ’ ಎಂದಿದ್ದ. ಅಮ್ಮ ಲೋಲಾಕ್ಷಿ ಇಷ್ಟು ವರ್ಷ ಜೀವ ಹಿಡಿದುಕೊಂಡಿರುವುದು ಆ ಒಂದು ಮಾತಿನ ಮೇಲೆ. ಬಂದವರಿಗೆಲ್ಲ ಹೇಳುತ್ತಾಳೆ, ಗೊತ್ತೇ ಆಗಲಿಲ್ಲವಂತೆ ನನ್ನ ಮಗನಿಗೆ. ಪದ್ಮಯ್ಯ ಮನೆಗೆ ಬಂದರೆ ಮೀನಿನ ನಡುವಿನ ತುಂಡು ಅವನ ಬಟ್ಟಲಿಗೆ, ಬಾಲ ಹರಿಪ್ರಸಾದನಿಗೆ. ಸೇನಾ ಭರ್ತಿಯ ಓಟದಲ್ಲಿ ಅರ್ಧಕ್ಕೇ ಕೂತುಬಿಟ್ಟವನಿಗೆ ಬಾಲವೇ ಹೆಚ್ಚು ಎಂದು ಅವನು ತಿನ್ನುತ್ತಿದ್ದ. ‘ನಿನ್ನ ಕೈಯಿಂದ ಆಗುವ ಕೆಲಸ ಅಲ್ಲ ಬಿಡು’ ಎಂದು ಪದ್ಮಯ್ಯ ಅವತ್ತು ಬೆನ್ನು ತಟ್ಟಿದ್ದ. ಆ ತಟ್ಟಿದ ಜಾಗ ಈಗಲೂ ಗುರುತಿದೆ.

ಆ ಸಾಲು ರೆಕಾರ್ಡ್ ಮಾಡಿದ ದಿನ ಕಂಪೆನಿಯ ಕಾಗದದಲ್ಲಿ ಬರೆದದ್ದು ಇಷ್ಟೇ: ಗಾಯಗೊಂಡ ಸೈನಿಕ, ಏನಾದರೂ ಹೇಳಲಿ. ಈ ಕೋಣೆಯಲ್ಲಿ ಹರಿಪ್ರಸಾದನ ಒಂದು ನಿಯಮವುಂಟು, ಒಳಗೆ ಬಂದ ಮೇಲೆ ಕನ್ನಡವನ್ನೇ ಮಾತಾಡಬೇಕು. ತುಳುವಿನವರು ತುಳು ಆಡಿದರೆ, ಬ್ಯಾರಿಗಳು ಬ್ಯಾರಿ ಆಡಿದರೆ, ನಾವು ಗೌಡರು ನಮ್ಮ ಅರೆಭಾಷೆಗೆ ಇಳಿದರೆ, ಆಮೇಲೆ ಮೈಕಿನ ಎದುರು ನಾಲಗೆ ಜಾರುತ್ತದೆ. ಪದ್ಮಯ್ಯ ಅಲ್ಲಿಯವರೆಗೆ ಕಾಗದ ನೋಡಿ ಶಿಸ್ತಾಗಿ ಓದುತ್ತಿದ್ದವನು, ಏನಾದರೂ ಹೇಳಿ ಎಂದ ಕೂಡಲೇ ಕಣ್ಣು ಮುಚ್ಚಿದ. ‘ಚೂರ್ ನೀರ್ ಉಟ್ಟಾ ಮಾರಾಯ?’ ಎಂದ. ಉಂಟಾ ಅಲ್ಲ, ಉಟ್ಟಾ. ಮನೆಯ ಭಾಷೆ. ಗಾಜಿನ ಈಚೆ ಕೂತ ಹರಿಪ್ರಸಾದ ತಟ್ಟನೆ ಮುಂದೆ ಬಾಗಿದ. ‘ಉಂಟಾ ಹೇಳಿ ಪದ್ಮಣ್ಣ, ಕನ್ನಡ, ಕನ್ನಡ’ ಎಂದು ಅವಸರದಿಂದ ತಿದ್ದಿದ. ಪದ್ಮಯ್ಯ ತಿದ್ದಿಕೊಂಡು ಇನ್ನೊಮ್ಮೆ ಹೇಳಿದ. ಮುಗಿಯಿತು. ಮುಗಿಯಿತು ಎಂದುಕೊಂಡದ್ದು, ಅಷ್ಟೆ. ಆ ತುಕಡಿಯಲ್ಲಿ ಪಂಜಾಬಿನವರಿದ್ದರು, ಬಿಹಾರದವರಿದ್ದರು, ಎಲ್ಲರ ನಡುವೆ ನಡೆಯುತ್ತಿದ್ದದ್ದು ಹಿಂದಿ. ಪದ್ಮಯ್ಯನ ಹತ್ತಿರ ಅರೆಭಾಷೆಯಲ್ಲಿ ನೀರು ಕೇಳಬಹುದಾದವನು ಆ ಬೆಟ್ಟದಲ್ಲಿ ಒಬ್ಬನೇ. ಇದನ್ನು ಕಂಡುಹಿಡಿಯಲು ಬುದ್ಧಿ ಬೇಕಾಗಿರಲಿಲ್ಲ, ಕಂಡುಹಿಡಿಯದೆ ಇರಲು ಬೇಕಾಗಿತ್ತು. ಹರಿಪ್ರಸಾದ ಎರಡು ತಿಂಗಳು ಹಾಗೆಯೇ ಇದ್ದ. ತಾಗಿದ್ದೇ ಹೋದವನು ನೀರು ಹೇಗೆ ಕೇಳುತ್ತಾನೆ ಎಂದು ತನ್ನನ್ನೇ ಕೇಳಿಕೊಳ್ಳದೆ, ಅದೇ ಮಾತಿಗೆ ಗಾಳಿಯ ಸದ್ದು ಬೆರೆಸಿ, ಉಸಿರು ಹೆಚ್ಚು ಮಾಡಿ, ಕಳಿಸಿಕೊಟ್ಟು, ಶಭಾಸ್ ಎನಿಸಿಕೊಳ್ಳಲು ಕಾದಿದ್ದ.

ಅಷ್ಟಾಗಿದ್ದರೆ ಹೇಗೋ ಜೀರ್ಣಿಸಿಕೊಳ್ಳುತ್ತಿದ್ದ. ಕಳೆದ ಭಾನುವಾರ ಪಂಜದಲ್ಲಿ ಮದುವೆ ಊಟ. ನೀರಿನ ಜಗ್ಗು ಹಿಡಿದವನು ಪಂಕ್ತಿಯಲ್ಲಿ ಹತ್ತಿರ ಬಂದಾಗ ಪಕ್ಕದವರು, ಮಾಡು ಮಾರಾಯ, ನಿನ್ನದೇ ಅಲ್ವಾ ಅದು, ಮಾಡು ಎಂದು ಕೆಣಕಿದರು. ಹರಿಪ್ರಸಾದನಿಗೆ ಉಮೇದು ಬಂತು. ಬಾಳೆಲೆಯ ಮೇಲೆ ವಾಲಿ, ಕಣ್ಣು ಮೇಲೆ ಮಾಡಿ ಹೇಳಿದ. ಸುತ್ತ ಇದ್ದವರೆಲ್ಲ ನಮ್ಮವರೇ, ಉಂಟಾ ಎಂದರೆ ಅಲ್ಲಿ ರುಚಿ ಇಲ್ಲ ಎಂದು ಉಟ್ಟಾ ಎಂದೇ ಹೇಳಿದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಎದುರು ಸಾಲಿನಲ್ಲಿ ಅಮ್ಮ ತಲೆ ಎತ್ತಿದಳು. ಅವಳು ಹರಿಪ್ರಸಾದನನ್ನು ನೋಡಲಿಲ್ಲ. ಹಾಲ್‌ನ ಬಾಗಿಲನ್ನು ನೋಡಿದಳು, ಯಾರೋ ಬಂದಂತೆ. ಅಣ್ಣತಮ್ಮಂದಿರ ಗಂಟಲು ಒಂದೇ ಎಂದು ಮೊದಲಿನಿಂದಲೂ ಹೇಳುತ್ತಿದ್ದವಳು ಅವಳೇ. ಪಾಯಸ ಬರುವ ಮೊದಲು ಕೈ ತೊಳೆದುಕೊಂಡಳು. ಕಾರಿನಲ್ಲಿ, ಅದು ಯಾರು ಹೇಳುವ ಮಾತು ಎಂದು ಕೇಳಿದಳು. ಒಂದು ಆಟದಲ್ಲಿ ಸಾಯುವ ಸೈನಿಕನದ್ದಮ್ಮ ಎಂದ. ಅವತ್ತಿನಿಂದ, ಗೊತ್ತೇ ಆಗಲಿಲ್ಲವಂತೆ ಎಂದು ಬಂದವರಿಗೆ ಹೇಳುವುದು ಬಿಟ್ಟಿದ್ದಾಳೆ. ನಾನು ಕೊಂದದ್ದೇನನ್ನು ಎಂದು ಹರಿಪ್ರಸಾದ ಯೋಚಿಸುತ್ತಾನೆ. ನಾಚಿಕೆಯಾಗುತ್ತದೆ. ನಾಚಿಕೆಯನ್ನು ಎಷ್ಟು ಹೊತ್ತು ಒಬ್ಬನೇ ಹೊರುವುದು? ಅದು ಮೆಲ್ಲನೆ ಪದ್ಮಯ್ಯನ ಕಡೆಗೆ ತಿರುಗುತ್ತದೆ. ಸುಳ್ಳು ಹೇಳಿದವನು ಅವನು. ನಡುವಿನ ತುಂಡು ತಿಂದವನು ಅವನು.

ಫೋನು ಮಾಡಿ ಕರೆದದ್ದಕ್ಕೆ ಪದ್ಮಯ್ಯ ಮಧ್ಯಾಹ್ನದ ಬಸ್ಸಿಗೆ ಬಂದ. ಅಂಗಿಯಲ್ಲಿ ರಬ್ಬರ್ ಹಾಲಿನ ಹುಳಿ ವಾಸನೆ. ಚಪ್ಪಲಿಯನ್ನು ಬಾಗಿಲ ಹೊರಗೆ ಸಾಲಾಗಿ ಇಟ್ಟು ಒಳಗೆ ಬಂದು ಕೂತ.

‘ಬಸ್ಸಲ್ಲಿ ಕಾಲೇಜು ಮಕ್ಕಳು ಹೇಳ್ಕೊಂಡು ನಗ್ತಾ ಇದ್ರು’ ಎಂದ. ‘ಹೇಳಿದ ಜನ ಇಲ್ಲೇ ಕೂತದ್ದು ಅಂತ ಅವರಿಗೆ ಗೊತ್ತಿಲ್ಲ. ಸರಿ ಆಗ್ಲಿಲ್ವಾ ನಾನು ಹೇಳಿದ್ದು?’

‘ಸಹಜ ಇಲ್ಲ ಅಂತ ವಿಮರ್ಶೆ ಬಂದಿದೆ ಪದ್ಮಣ್ಣ. ಸಾಯುವವರು ಹಾಗೆ ಹೇಳುದಿಲ್ಲವಂತೆ.’

‘ಹೌದಾ?’ ಪದ್ಮಯ್ಯ ಟ್ರೇಗಳ ಗೋಡೆ ನೋಡಿದ. ‘ಅವರು ತುಂಬ ಜನ ಸಾಯುದನ್ನು ನೋಡಿರ್ಬೇಕು.’

ವ್ಯಂಗ್ಯವೋ ಅಲ್ಲವೋ ಗೊತ್ತಾಗಲಿಲ್ಲ. ಮಿಲಿಟರಿಯವರ ಮುಖದಲ್ಲಿ ಅದೊಂದು ಸೌಕರ್ಯ. ಹರಿಪ್ರಸಾದ ಹೊಸ ಸಾಲು ಬರೆದ ಕಾಗದ ಕೊಟ್ಟ. ಪದ್ಮಯ್ಯ ಅದನ್ನು ತುಟಿಯಲ್ಲೇ ಓದಿಕೊಂಡ. ‘ಇದು ಒಳ್ಳೇದುಂಟು. ಹೀಗೆ ಹೇಳಿದ್ರೆ ಬಿಟ್ಟು ಹೋಗುವವನಿಗೆ ಸುಲಭ’ ಎಂದ. ಆಮೇಲೆ ಕಾಗದ ಮಡಚಿ, ‘ಹರಿ, ಇದೊಂದು ಮಾಡಿ ಕೊಡ್ತೇನೆ. ಇನ್ನು ನನ್ನನ್ನು ಕರೀಬೇಡ. ನಿದ್ದೆ ಬರುದಿಲ್ಲ ಮಾರಾಯ ಆಮೇಲೆ’ ಎಂದ.

ಗಾಜಿನ ಆಚೆ ಹೋಗಿ ನಿಂತು ಹೆಡ್‌ಫೋನ್ ಹಾಕಿಕೊಂಡ. ಮೊದಲನೆಯ ಸಲ ಹೇಳಿದ್ದು ಶಾಲೆಯ ಮಕ್ಕಳು ಪ್ರತಿಜ್ಞೆ ಹೇಳಿದ ಹಾಗಿತ್ತು. ಇನ್ನೊಮ್ಮೆ ಎಂದ ಹರಿಪ್ರಸಾದ. ಇನ್ನೊಮ್ಮೆ. ನೋವು ಬೇಕು. ಅಷ್ಟು ನೋವು ಬೇಡ, ಅದು ನಾಟಕ. ಚಿಂತೆ ಎನ್ನುವಲ್ಲಿ ಉಸಿರು ಕಡಿಯಬೇಕು. ಮುಂದೆ ಎನ್ನುವಾಗ ಧೈರ್ಯ ಬೇಕು. ಪ್ರತಿ ಸಲವೂ ಪದ್ಮಯ್ಯ ‘ಆಯ್ತು’ ಎಂದು ತಲೆಯಾಡಿಸಿ, ಅದೇ ಸತ್ತ ಸ್ವರದಲ್ಲಿ ಹೇಳುತ್ತಿದ್ದ. ಬೆವರು ಒರೆಸಿಕೊಳ್ಳುತ್ತಿದ್ದ. ದೊಡ್ಡವರನ್ನು ಹೀಗೆ ಎಬ್ಬಿಸಿ ಕೂರಿಸುವುದರಲ್ಲಿ ಒಂದು ಸುಖವಿದೆಯೆಂದು ಹರಿಪ್ರಸಾದನಿಗೆ ಅನಿಸಿತು, ಅನಿಸಿದ್ದಕ್ಕೆ ಗಾಬರಿಯಾಯಿತು, ಆದರೂ ಇನ್ನೊಮ್ಮೆ ಎಂದ. ನಿನ್ನ ಕೈಯಿಂದ ಆಗುವ ಕೆಲಸ ಅಲ್ಲ ಬಿಡು ಎಂದು ಈಗ ಯಾರು ಯಾರಿಗೆ ಹೇಳಬೇಕು? ದೀಕ್ಷಿತಾ ಆಗಲೇ ಎರಡು ಸಲ ಕೇಳಿ ಆಗಿತ್ತು. ಎರಡನೆಯ ಭಾಗ ಬೆಂಗಳೂರಿಗೆ ಹೋಗುತ್ತದೆ, ಕೆಳಗೆ ಪೋಕರ್ ಕಾಕ ನಗುತ್ತಾರೆ, ತಾನು ಮತ್ತೆ ಜೀಪಿಗೆ ಕಬಡ್ಡಿ ಪಂದ್ಯಾಟ ಕೂಗುವವನಾಗಿ ಉಳಿಯುತ್ತಾನೆ. ಇದೊಂದು ಸಾಲಿಗೋಸ್ಕರ. ಅವನು ಮೈಕಿನ ಗುಂಡಿ ಒತ್ತಿ, ಪದ್ಮಯ್ಯನ ಕಿವಿಯೊಳಗೆ, ಈ ಕೋಣೆಯಲ್ಲಿ ತಾನೇ ನಿಷೇಧಿಸಿದ ಮನೆಯ ಭಾಷೆಯಲ್ಲಿ ಕೇಳಿದ:

‘ಜಯಣ್ಣ ಕೇಳ್ದ ದಿನ ನೀರ್ ಇತ್ತಾ, ಪದ್ಮಣ್ಣ?’

ಪದ್ಮಯ್ಯ ಅಲುಗಲಿಲ್ಲ. ಕಾಗದ ಹಿಡಿದ ಕೈ ಮಾತ್ರ ನಿಧಾನ ಕೆಳಗಿಳಿಯಿತು. ಗಾಜಿನ ಮೂಲಕ ನೇರ ಹರಿಪ್ರಸಾದನನ್ನು ನೋಡಿದ. ಬೈಯುತ್ತಾನೆ, ಹೆಡ್‌ಫೋನ್ ಕಿತ್ತೆಸೆದು ಹೊರಡುತ್ತಾನೆ ಎಂದು ಹರಿಪ್ರಸಾದ ಕಾದ. ಹಾಗಾಗಿದ್ದರೆ ಒಳ್ಳೆಯದಿತ್ತು, ಇಬ್ಬರಿಗೂ. ಆದರೆ ಆ ಮನುಷ್ಯ ಅರ್ಧ ಆಯುಷ್ಯ ಅಪ್ಪಣೆ ಕೇಳಿಕೊಂಡೇ ಬದುಕಿದವನು. ಹರಿಪ್ರಸಾದ ರೆಕಾರ್ಡಿಂಗಿನ ಕೆಂಪು ದೀಪ ಹಾಕಿ, ಮತ್ತೆ ಕನ್ನಡದಲ್ಲಿ, ‘ಈಗ ಹೇಳಿ’ ಎಂದ. ಪದ್ಮಯ್ಯ ಹೇಳಿದ. ನನ್ನ ಚಿಂತೆ ಬಿಡಿ. ಚಿಂತೆ ಎಂಬಲ್ಲಿ ಉಸಿರು ತಾನಾಗಿಯೇ ಕಡಿಯಿತು. ಮುಂದೆ ನುಗ್ಗಿ. ನುಗ್ಗಿ ಎಂಬುದು ಅರ್ಧ ಗಂಟಲಲ್ಲೇ ಉಳಿಯಿತು. ಹರಿಪ್ರಸಾದನ ತೋಳಿನ ರೋಮ ನಿಂತಿತು, ಬಂತು ಎಂದು ಒಳಗೊಳಗೇ ಕುಣಿದ. ಆಚೆ ಪದ್ಮಯ್ಯನ ತುಟಿ ಇನ್ನೂ ಆಡುತ್ತಿತ್ತು. ಏನೋ ಹೇಳುತ್ತಿದ್ದ, ಕೈ ಹೊಟ್ಟೆಯ ಮೇಲಿತ್ತು. ಹರಿಪ್ರಸಾದ ತನ್ನ ಕಿವಿಗೆ ಬರುವ ಸದ್ದನ್ನು ಪೂರ್ತಿ ಕಮ್ಮಿ ಮಾಡಿ, ತಲೆ ತಗ್ಗಿಸಿ ಕಂಪ್ಯೂಟರಿನಲ್ಲಿ ಮುಳುಗಿದವನಂತೆ ಕೂತ. ತಲೆ ಎತ್ತುವಾಗ ಪದ್ಮಯ್ಯ ಹೊರಗೆ ಹೋಗಿಯಾಗಿತ್ತು.

ಯಂತ್ರ ಮಾತ್ರ ಎಲ್ಲವನ್ನೂ ಹಿಡಿದಿಟ್ಟಿತ್ತು. ಸಾಲನ್ನು ಕತ್ತರಿಸಿ ತೆಗೆಯಬೇಕಾದರೆ ಮುಂದಿನದನ್ನೂ ಕೇಳಲೇಬೇಕಾಯಿತು. ‘ಇತ್ತ್’ ಎಂದಿದ್ದ ಪದ್ಮಯ್ಯ. ನೀರು ಇತ್ತು. ಹೊಟ್ಟೆಗೆ ತಾಗಿದವರಿಗೆ ನೀರು ಕೊಡಬಾರದು, ಕೊಟ್ಟರೆ ಸಾಯುತ್ತಾರೆ ಎಂದು ಕಲಿಸಿದ್ದರು, ಉಳಿದಾನು ಎಂದು ಕೊಡಲಿಲ್ಲ ಎಂದಿದ್ದ. ಬೆಳಗಾಗುವವರೆಗೂ ಕೇಳುತ್ತಲೇ ಇದ್ದ ಅವನು, ಬಾಟಲಿ ನನ್ನ ಸೊಂಟದಲ್ಲೇ ಇತ್ತು, ನೀನಾದರೆ ಎಂತ ಮಾಡ್ತಿದ್ದೆ ಹೇಳು ಹರಿ ಎಂದು ಕೇಳಿದ್ದ. ಎಲ್ಲವೂ ಅರೆಭಾಷೆಯಲ್ಲಿ, ಅವರವರ ಮನೆಯ ಜಗಲಿಯಲ್ಲಿ ಕೂತು ಹೇಳಿದಷ್ಟು ಮೆಲ್ಲಗೆ. ಹರಿಪ್ರಸಾದನ ಕಣ್ಣಲ್ಲಿ ನೀರು ಬಂತು. ಅಳುತ್ತಲೇ ಆ ಭಾಗವನ್ನು ಗುರುತು ಮಾಡಿ ಅಳಿಸಿದ. ಉಳಿದ ಸಾಲಿಗೆ ಗಾಳಿಯ ಸದ್ದು ಬೆರೆಸಿ ಕಳಿಸಿದ. ಅವನು ಮುಖ ತೊಳೆದು ಬಂದು ಅರ್ಧ ಗಂಟೆ ಕಾದ ಮೇಲೆ ದೀಕ್ಷಿತಾಳ ಉತ್ತರ ಬಂತು. ‘ಸರ್, ಮೈ ಜುಮ್ ಅಂತು! ಸೂರಜ್‌ಗೂ ಕೇಳಿಸ್ದೆ. ಈಗ ನಿಜವಾದ ಸೈನಿಕನ ಥರ ಇದೆ ಅಂದ್ರು. ಎರಡನೇ ಭಾಗ ನಿಮ್ದೇ.’

ಪದ್ಮಯ್ಯ ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಇವನನ್ನು ಕಂಡು ಎದ್ದು ನಿಂತ.

‘ಸರಿ ಬಂತಾ?’

‘ಬಂತು. ಭಾರಿ ಲಾಯ್ಕಾಯ್ತು.’

‘ಕೊನೆಗೆ ನಾನು ಹೇಳಿದ್ದು... ಕೇಳಿತಾ ನಿನಗೆ?’

ಒಂದು ಹೌದು ಸಾಕಿತ್ತು. ನೀವು ಮಾಡಿದ್ದು ಸರಿ ಪದ್ಮಣ್ಣ ಎಂದು ಆ ಮುದುಕನಾಗುತ್ತಿರುವವನ ಕೈ ಹಿಡಿದಿದ್ದರೆ ಅವನು ಅಲ್ಲೇ ಅತ್ತುಬಿಡುತ್ತಿದ್ದ, ಇವನೂ ಅಳುತ್ತಿದ್ದ, ಸಂಜೆ ಇಬ್ಬರೂ ಐವರ್ನಾಡಿಗೆ ಹೋಗಿ ಅಮ್ಮನ ಎದುರು ಕೂತುಕೊಳ್ಳಬಹುದಿತ್ತು. ಹರಿಪ್ರಸಾದನಿಗೆ ಅದೆಲ್ಲ ಕಣ್ಣೆದುರು ಕಂಡಿತು.

‘ಇಲ್ಲ’ ಎಂದ. ‘ಸೌಂಡ್ ಆಫ್ ಇತ್ತು. ಎಂತ ಹೇಳಿದ್ರಿ?’

ಪದ್ಮಯ್ಯ ಬಾಯಿ ತೆರೆದ. ಒಮ್ಮೆ ಹೇಳಲು ಇಷ್ಟು ವರ್ಷ ಹಿಡಿದದ್ದು ಇನ್ನೊಮ್ಮೆ ಬರಲಿಲ್ಲ. ಹರಿಪ್ರಸಾದ ಅವಸರ ಮಾಡದೆ ಕಾದು ನಿಂತ. ಕೆಳಗೆ ಅಂಗಡಿಯಲ್ಲಿ ಯಾರೋ ಬಳೆಯ ಅಳತೆ ಕೇಳುತ್ತಿದ್ದರು.

‘ಅಮ್ಮನಿಗೆ...’ ಎಂದ ಪದ್ಮಯ್ಯ.

‘ಅಮ್ಮನಿಗೆ ನಾನು ಎಂತದೂ ಹೇಳ್ಲಿಲ್ಲ. ಸದ್ಯಕ್ಕೆ.’ ಹರಿಪ್ರಸಾದ ಬಾಗಿಲಿಗೆ ಬೀಗ ಹಾಕಿದ. ‘ಎರಡನೇ ಭಾಗ ಬರ್ತಾ ಉಂಟು ಪದ್ಮಣ್ಣ. ಅದರಲ್ಲಿ ಸಾಯುವವರು ತುಂಬ ಜನ. ಎಲ್ಲ ನೀವೇ ಮಾಡ್ಬೇಕು.’

ಪದ್ಮಯ್ಯ ಬಗ್ಗಿ ಚಪ್ಪಲಿ ಹಾಕಿಕೊಂಡ. ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. ಹರಿಪ್ರಸಾದನನ್ನು ಚಡ್ಡಿ ಹಾಕುವ ಕಾಲದಿಂದ ನೀನು ಎಂದೇ ಕರೆದವನು ಈಗ ನೆಟ್ಟಗೆ ನಿಂತು, ಕೈಗಳನ್ನು ತೊಡೆಗೆ ಒತ್ತಿಕೊಂಡು, ‘ಯಾವಾಗ ಬರ್ಬೇಕು, ಹೇಳಿ’ ಎಂದ.